ಸತ್ತ ಅತ್ತೆಗೆ ಬಂದ ಜ್ವರ

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಆಮೇಲೆ ಆದ ಅನಾಹುತಕ್ಕೆಲ್ಲ ಅದೇ ಮೂಲ ಅಂತ ಹೇಳುತ್ತಿದ್ದೇನೆ. ಸೋಮನಹಳ್ಳಿ ಹತ್ತಿರ ಹೆದ್ದಾರಿ ಪಕ್ಕದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಶರ್ಟಿನ ಕಾಲರ್ ಹೊಲಿದೆ. ಆದರೆ ಅಲ್ಲಿ ಜನ ನನ್ನನ್ನು ಗುರುತಿಸುತ್ತಿದ್ದದ್ದು ಕಾಲರಿನಿಂದಲ್ಲ, ರಜಾ ಅರ್ಜಿಯಿಂದ.

ನಮ್ಮ ಹೊಲಿಗೆ ಲೈನಿನಲ್ಲಿ ನನ್ನನ್ನೂ ಸೇರಿಸಿ ಇಪ್ಪತ್ತೇಳು ಹೆಂಗಸರಿದ್ದೆವು. ಬರೀ 'ರಜೆ ಬೇಕು' ಅಂದರೆ ಸೂಪರ್‌ವೈಸರ್ ಕೊಡುತ್ತಿರಲಿಲ್ಲ. ಬರವಣಿಗೆಯಲ್ಲಿ ಕಾರಣ ಬೇಕು, ಆ ಕಾರಣ ಓದಿದರೆ ಅಯ್ಯೋ ಪಾಪ ಅನ್ನಿಸಬೇಕು. ಊಟದ ಬಿಡುವಿನಲ್ಲಿ ಒಬ್ಬೊಬ್ಬರಾಗಿ ನನ್ನ ಹತ್ತಿರ ಬರುತ್ತಿದ್ದರು. 'ತವರಿಗೆ ಓಗ್ಬೇಕು ಕಣಕ್ಕ, ಏನಾರ ಬರ್ಕೊಡು' ಅಂದರೆ ಸಾಕು, ನಾನು ಅವರ ಅತ್ತೆಗೆ ಜ್ವರ ಬರಿಸುತ್ತಿದ್ದೆ. ಹೆಚ್ಚು ದಿನ ಬೇಕಾದರೆ ಅತ್ತೆಯನ್ನು ಆಸ್ಪತ್ರೆಗೆ ಸೇರಿಸುತ್ತಿದ್ದೆ. ತೀರಾ ಅಗತ್ಯ ಬಿದ್ದರೆ ಸಾಯಿಸುತ್ತಲೂ ಇದ್ದೆ. ಒಂದೇ ವಾರದಲ್ಲಿ ಇಬ್ಬರು ಅತ್ತೆಯರನ್ನು ಸಾಯಿಸಬಾರದು ಅಂತ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದೆ, ಯಾಕೆಂದರೆ ಒಬ್ಬರ ಅರ್ಜಿಯ ಹಾಗೆ ಇನ್ನೊಬ್ಬರದು ಇರಬಾರದು.

ಈ ನನ್ನ ಕಸುಬು ಮನೆಯಲ್ಲಿ ಅತ್ತೆಗೂ ಗೊತ್ತಿತ್ತು. 'ನನ್ನ ಎಷ್ಟ್ ಕಿತ ಸಾಯ್ಸಿದ್ದೀಯೇ?' ಅಂತ ಒಂದು ದಿನ ಕೇಳಿದರು.

'ನಿಮ್ಮನ್ನ ಸಾಯ್ಸಿಲ್ಲ ಕಣತ್ತೆ. ಎರಡು ಕಿತ ಕಾಲು ಮುರ್ದಿದ್ದೀನಿ ಅಷ್ಟೇ' ಅಂದೆ. ಅವರು ಆಗ ಒರಳಿಗೆ ರಾಗಿ ಸುರಿಯುತ್ತಿದ್ದರು, ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸಿ ಮತ್ತೆ ಕೂತರು.

ಕಾರ್ಖಾನೆ ಮುಚ್ಚಿದ ದಿನ ಬೆಳಿಗ್ಗೆ ಹತ್ತಕ್ಕೇ ಮಿಷಿನ್ನುಗಳನ್ನು ನಿಲ್ಲಿಸಿದರು. ದೊಡ್ಡ ಆಫೀಸಿನಿಂದ ಕಾರಿನಲ್ಲಿ ಬಂದ ಮ್ಯಾನೇಜರ್, ಆರ್ಡರ್ ಇಲ್ಲ, ಯೂನಿಟ್ ಮುಚ್ಚುತ್ತಿದ್ದೇವೆ ಅಂದರು. ಒಬ್ಬೊಬ್ಬರೂ ಒಂದೊಂದು ರಾಜೀನಾಮೆ ಪತ್ರ ಕೊಡಬೇಕು, ಕೊಟ್ಟವರಿಗೆ ಇವತ್ತೇ ಕೊನೆಯ ಸಂಬಳ, ಕೊಡದವರು ಕಾಯಬೇಕು. ಪತ್ರದಲ್ಲಿ 'ಸ್ವ ಇಚ್ಛೆಯಿಂದ' ಅನ್ನುವ ಮಾತು ಇರಲೇಬೇಕು, ಮಿಕ್ಕದ್ದು ನಿಮ್ಮಿಷ್ಟ ಅಂದರು. ಇಪ್ಪತ್ತಾರು ಜನ ಒಟ್ಟಿಗೆ ತಿರುಗಿ ನನ್ನ ಮುಖ ನೋಡಿದರು.

ಬರೆದೆ. ಮಿಕ್ಕದ್ದು ನಮ್ಮಿಷ್ಟ ಅಂದಮೇಲೆ ನನ್ನ ಕೈ ಸುಮ್ಮನಿರುತ್ತದೆಯೇ? ಕಟಿಂಗ್ ಟೇಬಲ್ಲಿನ ಮೇಲೆ ಕಾಗದ ಹರಡಿಕೊಂಡು, ಎರಡು ಗಂಟೆ ತಲೆ ಎತ್ತದೆ, ಒಬ್ಬೊಬ್ಬರಿಗೂ ಬೇರೆ ಬೇರೆ ಕಾರಣ ಹುಟ್ಟಿಸಿ ಬರೆದೆ. ಎಲ್ಲ ಒಂದೇ ಥರ ಇದ್ದರೆ ಚೆನ್ನಾಗಿರುವುದಿಲ್ಲ ಅನ್ನುವ ಹಳೇ ಚಾಳಿ. ಒಬ್ಬಳಿಗೆ ತಂಗಿಯ ಬಾಣಂತನ, ಇನ್ನೊಬ್ಬಳಿಗೆ ಗಂಡನ ವರ್ಗಾವಣೆ, ಮತ್ತೊಬ್ಬಳಿಗೆ ಅತ್ತೆಯ ಜ್ವರ. ನನ್ನ ಪಕ್ಕದ ಮಿಷಿನ್ನಿನಲ್ಲಿ ಕೂರುತ್ತಿದ್ದವಳು ಹನಕೆರೆಯವಳು, ದಿನಾ ರೈಲಿನಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ಕಂಪನಿ ವ್ಯಾನು ಹತ್ತುತ್ತಿದ್ದಳು. ಅವಳ ಎಂಟು ತಿಂಗಳ ಮಗು ಕಾರ್ಖಾನೆಯ ಕೂಸಿನ ಮನೆಯಲ್ಲೇ ಇರುತ್ತಿತ್ತು. ಅವಳದಕ್ಕೆ ಯೋಚನೆಯೇ ಬೇಕಾಗಲಿಲ್ಲ. 'ಮಗು ಚಿಕ್ಕದಿದ್ದು, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ ಕಾರಣ, ಸ್ವ ಇಚ್ಛೆಯಿಂದ' ಅಂತ ಬರೆದೆ. ಅವಳು ಓದಲಿಲ್ಲ. ಯಾರೂ ಓದಲಿಲ್ಲ. ನಾನು ಬೆರಳಿಟ್ಟ ಜಾಗದಲ್ಲಿ ಸಹಿ ಮಾಡಿದರು.

ಕೊನೆಗೆ ಉಳಿದದ್ದು ನನ್ನದು. ಅಷ್ಟು ಹೊತ್ತಿಗೆ ಕಾರಣಗಳೆಲ್ಲ ಮುಗಿದಿದ್ದವು, ಕೈ ಸೋತಿತ್ತು. ತೋಚಿದ್ದು ಬರೆದು ಸಹಿ ಹಾಕಿ ಎದ್ದೆ.

ನಿರುದ್ಯೋಗ ಭತ್ಯೆಯ ಸುದ್ದಿ ಬಂದದ್ದು ಒಂದು ತಿಂಗಳಾದ ಮೇಲೆ, ಲೈನಿನವರ ವಾಟ್ಸಾಪ್ ಗುಂಪಿನಲ್ಲಿ. ಸಂಬಳದಲ್ಲಿ ತಿಂಗಳು ತಿಂಗಳೂ ವಿಮೆಗೆ ಅಂತ ಮುರಿದುಕೊಳ್ಳುತ್ತಿದ್ದರಲ್ಲ, ಅದರಲ್ಲೇ ಕೆಲಸ ಹೋದವರಿಗೆ ಮೂರು ತಿಂಗಳು ಅರ್ಧ ಸಂಬಳ ಕೊಡುವ ಏರ್ಪಾಡು ಇದೆಯಂತೆ. ಹನಕೆರೆಯವಳು ಕೂಡಲೇ ಫೋನ್ ಮಾಡಿದಳು. ಅವಳಿಗೆ ಬಿಡದಿ ಕಡೆಯ ಒಂದು ಕಾರ್ಖಾನೆಯಿಂದ ಕರೆ ಬಂದಿತ್ತು. ಬೆಳಗಿನ ಐದಕ್ಕೆ ಬಸ್ಸು, ವಾಪಸ್ಸು ಬರುವುದು ರಾತ್ರಿ ಎಂಟಕ್ಕೆ, ಅಲ್ಲಿ ಕೂಸಿನ ಮನೆ ಇಲ್ಲ.

'ಈ ದುಡ್ಡು ಬಂದ್ಬುಟ್ರೆ ನಾನು ಓಗಲ್ಲ ಕಣಕ್ಕ. ಮಗ ವರ್ಸ ತುಂಬಿ ಮುದ್ದೆ ತಿನ್ನೋಗಂಟ ಮನೇಲಿರ್ತೀನಿ. ಇನ್ನೂ ನನ್ನ ಎದೆಹಾಲು ಬುಟ್ರೆ ಏನೂ ಮುಟ್ಟಲ್ಲ' ಅಂದಳು.

'ಬತ್ತದೆ ಬುಡು. ಅದೇನ್ ಯಾರಪ್ಪನ ದುಡ್ಡಾ? ನಮ್ಮದೇ' ಅಂದೆ. ಧೈರ್ಯ ಹೇಳುವುದರಲ್ಲೂ ನನ್ನ ಕೈ ಮುಂದೆ.

ಮದ್ದೂರಿನ ಎಳನೀರು ಮಾರುಕಟ್ಟೆ ರಸ್ತೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಎಲ್ಲರೂ ಅರ್ಜಿ ಹಾಕಿದೆವು. ಹಾಕಿದ ದಿನದಿಂದ ಫೋನಿನಲ್ಲಿ ನೋಡಿದರೆ ಒಂದೇ ಮಾತು, 'ಪರಿಶೀಲನೆಯಲ್ಲಿದೆ'. ನನಗೆ ಮೊದಲಿನಿಂದಲೂ ಕೆದಕೋ ಬುದ್ಧಿ. ಯಾರು ಪರಿಶೀಲಿಸುತ್ತಿದ್ದಾರೆ? ಎಲ್ಲಿ ಕೂತು? ನನ್ನ ಅರ್ಜಿ ಈಗ ಯಾವ ಮೇಜಿನ ಮೇಲಿದೆ, ಅಥವಾ ಮೇಜೇ ಇಲ್ಲವೋ? ಅಂಗಡಿಯವನನ್ನು ಕೇಳಿದರೆ, 'ಅದೆಲ್ಲ ಸರ್ವರ್‌ನಲ್ಲಿ ಇರ್ತದೆ ಅಕ್ಕ' ಅಂದ. ಸರ್ವರ್ ಎಲ್ಲಿರುತ್ತದೆ ಅಂದೆ. ಅವನಿಗೂ ಗೊತ್ತಿರಲಿಲ್ಲ. ದಿನಾ ಅದನ್ನೇ ಮುಟ್ಟುತ್ತಾನೆ, ಎಲ್ಲಿದೆ ಅಂತ ಒಂದು ದಿನವೂ ಯೋಚಿಸಿಲ್ಲ! ನನಗೆ ಆಶ್ಚರ್ಯವೋ ಆಶ್ಚರ್ಯ.

ಎರಡು ತಿಂಗಳ ಹತ್ತಿರ ಹತ್ತಿರ ಆಯಿತು. ನಡುವೆ ಒಂದು ಸಲ, ನಿಮ್ಮ ಬ್ಯಾಂಕಿನ ಕೋಡ್ ಹಳೆಯದು ಅಂತ ವಾಪಸ್ ಬಂತು. ಬ್ಯಾಂಕು ಇನ್ನೊಂದು ಬ್ಯಾಂಕಿನೊಳಗೆ ಸೇರಿಹೋಗಿ ಎಷ್ಟೋ ಕಾಲವಾಗಿತ್ತು, ನಮಗೆ ಹೇಳಿದವರು ಯಾರು? ಅದನ್ನು ಸರಿಮಾಡಿ ಮತ್ತೆ ಹಾಕಿದೆವು. ಮತ್ತೆ ಪರಿಶೀಲನೆ. ಆಮೇಲೆ ಒಂದೇ ಮಧ್ಯಾಹ್ನ, ಒಬ್ಬರ ಹಿಂದೆ ಒಬ್ಬರಿಗೆ, ಇಪ್ಪತ್ತೇಳು ಫೋನಿಗೂ ಸಂದೇಶ ಬಂತು. 'ತಿರಸ್ಕರಿಸಲಾಗಿದೆ. ಕಾರಣ: ಸ್ವ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತಾರೆ.'

ಎರಡು ಸಲ ಓದಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಬಲಗೈಯನ್ನೇ ನೋಡಿಕೊಂಡೆ. ಹತ್ತು ನಿಮಿಷಕ್ಕೆ ಹನಕೆರೆಯವಳ ಫೋನು.

'ಅಕ್ಕ, ನನ್ ಕಾಗ್ದದಲ್ಲಿ ಏನಂತ ಬರ್ದಿದ್ದೆ ಅವತ್ತು?'

ಹೇಳಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅತ್ತ ಕಡೆ ಮಗು ಅಳುತ್ತಿತ್ತು. 'ನನ್ ಮಗಿನ್ ಎಸ್ರೇಳ್ಬುಟ್ಟು ನನ್ ಕೆಲ್ಸ ಬುಡಿಸ್ದೆಯಲ್ಲಕ್ಕ' ಅಂದಳು. ಜೋರಾಗಿ ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಬರುವ ತಿಂಗಳ ಒಂದರಿಂದ ಬಿಡದಿ ಬಸ್ಸು ಹತ್ತುತ್ತೇನೆ ಅಂತ ಹೇಳಿ ಇಟ್ಟುಬಿಟ್ಟಳು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಒಂದನೇ ತಾರೀಖಿಗೆ ಇಪ್ಪತ್ತಮೂರು ದಿನ ಇತ್ತು. ನನಗೆ ಆಗ ಬಂದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು, ಸಿಟ್ಟಿಗಿಂತ ಹೆಚ್ಚಾಗಿ ಒಂದು ಥರದ ಕುತೂಹಲ. ತಿರಸ್ಕರಿಸಲಾಗಿದೆ ಅಂದರೆ ಯಾರೋ ಒಬ್ಬರು ತಿರಸ್ಕರಿಸಿರಬೇಕಲ್ಲ? ಅವರ ಮುಖ ನೋಡಬೇಕು ಅನ್ನಿಸಿತು. ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸು ಪುಕ್ಕಟೆ, ಹೋಗುವುದಕ್ಕೇನು ಅಡ್ಡಿ? ಮಾರನೇ ದಿನವೇ ಮಂಡ್ಯಕ್ಕೆ ಹೊರಟೆ.

ಮಂಡ್ಯದ ಕಚೇರಿಯಲ್ಲಿ ನಾನು ಅಂದುಕೊಂಡಂಥ ರಾಕ್ಷಸರು ಯಾರೂ ಇರಲಿಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ ಒಬ್ಬ ಅಧಿಕಾರಿ ಇದ್ದರು. 'ಹಣೆ ಮೇಲದೆ ಸಾರ್' ಅಂದೆ. ಆ ಒಂದು ಉಪಕಾರಕ್ಕೆ ಕೂರಲು ಕುರ್ಚಿ ಸಿಕ್ಕಿತು.

ನನ್ನ ಅರ್ಜಿ ಎಲ್ಲೆಲ್ಲಿ ಓಡಾಡಿತು ಅಂತ ಕೇಳಿದೆ. ಅವರಿಗೂ ಅಂಥ ಪ್ರಶ್ನೆ ಹೊಸದಿರಬೇಕು, ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಇಲ್ಲಿಂದ ದೊಡ್ಡ ಕಚೇರಿಗೆ ಹೋಗಿ, ಅಲ್ಲಿಂದ ಕಂಪನಿಯನ್ನು ಕೇಳಿ, ಕಂಪನಿ ಒಂದು ಕಾರಣ ಆರಿಸಿ ಒತ್ತಿ, ಮತ್ತೆ ಇಲ್ಲಿಗೆ ಬಂದಿತ್ತು. ಅಲ್ಲಿದ್ದ ಕಾರಣಗಳ ಪಟ್ಟಿಯಲ್ಲಿ 'ಕಾರ್ಖಾನೆ ಮುಚ್ಚಿದೆ' ಅಂತಲೂ ಒಂದು ಇತ್ತು. ಅದರ ಮೇಲೆ ಯಾರೂ ಒತ್ತಿರಲಿಲ್ಲ.

'ಕಂಪನಿ ಹತ್ತಿರ ನಿಮ್ಮ ರಾಜೀನಾಮೆ ಪತ್ರ ಇದೆಯಂತಲ್ಲಮ್ಮ' ಅಂದರು.

'ಅವೆಲ್ಲ ನಾನೇ ಬರೆದದ್ದು ಸಾರ್. ಇಪ್ಪತ್ತೇಳೂ. ಒಂದೇ ದಿನ, ಒಂದೇ ಪೆನ್ನಿನಲ್ಲಿ.'

ಅವರು ಕನ್ನಡಕ ಇಳಿಸಿ ನನ್ನನ್ನು ಸರಿಯಾಗಿ ನೋಡಿದರು. 'ಆ ಪತ್ರಗಳು ಸಿಗುತ್ತವಾ? ನಕಲಾದರೂ ಸಾಕು. ಒತ್ತಾಯದ ಮೇಲೆ ಬರೆಸಿದ್ದು ಅಂತ ಕಂಡರೆ ನಾನು ಕಂಪನಿಯನ್ನು ಮತ್ತೆ ಕೇಳಬಹುದು' ಅಂದರು.

ಪತ್ರಗಳು ಯಾರ ಹತ್ತಿರ ಇರಬಹುದು ಅಂತ ನನಗೆ ಗೊತ್ತಿತ್ತು. ಅವತ್ತು ಅವನ್ನೆಲ್ಲ ಒಟ್ಟುಮಾಡಿ ದಾರ ಕಟ್ಟಿದವನು ನಮ್ಮ ಸೂಪರ್‌ವೈಸರ್. ಅವನ ಊರು ಮಳವಳ್ಳಿ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು ಅರ್ಧ ದಾರಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ದಾರಿಯುದ್ದಕ್ಕೂ ಅವನಿಗೆ ಏನೇನು ಬೈಯಬೇಕು ಅಂತ ಜೋಡಿಸಿಕೊಂಡೆ. ಹನ್ನೊಂದು ವರ್ಷ ಅವನ ಬಾಯಲ್ಲಿ 'ಬೇಗ, ಬೇಗ' ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ಹೋಗಿ ನೋಡಿದರೆ ಆಸಾಮಿ ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತು, ಹೆಂಡತಿ ತಟ್ಟೆಯಲ್ಲಿ ಸುರಿದ ಅವರೆಕಾಯಿ ಬಿಡಿಸುತ್ತಿದ್ದ. ನಿಧಾನವಾಗಿ. ಒಂದೊಂದೇ ಕಾಯಿ. ಅದನ್ನು ನೋಡಿ ಜೋಡಿಸಿಟ್ಟ ಬೈಗುಳಗಳೆಲ್ಲ ಎಲ್ಲಿ ಹೋದವೋ.

'ನಂದೂ ಓಯ್ತು ಕಣಮ್ಮ' ಅಂದ, ನಾನು ಕೇಳುವ ಮೊದಲೇ. 'ನಾನೂ ಅವತ್ತೇ ಬರ್ಕೊಟ್ಟೆ. ನೀನು ಬರ್ದಿದ್ರೆ ಚೆಂದಾಗಿರದು, ನಾನೇ ಗೀಚ್ಬುಟ್ಟೆ.'

ಬಂದ ಕಾರಣ ಹೇಳಿದೆ. ಮೂಲ ಪತ್ರಗಳನ್ನು ದೊಡ್ಡ ಆಫೀಸಿಗೆ ಕಳಿಸಿದ್ದನಂತೆ, ಕಳಿಸುವ ಮೊದಲು ಒಂದೊಂದು ಜೆರಾಕ್ಸ್ ಇಟ್ಟುಕೊಳ್ಳಲು ಹೇಳಿದ್ದರಂತೆ. ಆಮೇಲೆ ಅದನ್ನು ಕೇಳಿದವರು ಯಾರೂ ಇಲ್ಲ. ಕೊಡಲೋ ಬೇಡವೋ ಅಂತ ಸ್ವಲ್ಪ ಹೊತ್ತು ಮೇಲೆ ಕೆಳಗೆ ನೋಡಿದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಮುಂದೆ ಎಂದಾದರೂ ಕಂಪನಿ ಮತ್ತೆ ಕರೆದೀತು ಅನ್ನುವ ಆಸೆ ಅವನಿಗಿನ್ನೂ ಇತ್ತು. ಅವನ ಹೆಂಡತಿ ಒಳಗಿನಿಂದಲೇ ಕೂಗಿದಳು, 'ಕೊಟ್ಬುಡಿ ಅತ್ಲಾಗೆ! ಅಟ್ಟದ ಮೇಲೆ ಇಲಿ ತಿನ್ನಾದ್ಕಿಂತ ವಾಸಿ.'

ಅವನು ಏಣಿ ಹಾಕಿದ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಕಟ್ಟು ಬಿಚ್ಚಿ ಒಂದೊಂದೇ ಓದಿದೆ. ನಾನು ಬರೆದದ್ದನ್ನು ನಾನೇ ಮೊದಲ ಸಲ ಓದುತ್ತಿದ್ದೆ ಅಂದರೆ ನಂಬಬೇಕು, ಬರೆಯುವಾಗ ಅರ್ಥಕ್ಕಿಂತ ಅಂದದ ಕಡೆಗೇ ಗಮನ. ಆಗ ಕಂಡಿತು. ಅತ್ತೆಗೆ ಜ್ವರ ಅಂತ ಬರೆದುಕೊಟ್ಟೆನಲ್ಲ, ಅವಳ ಅತ್ತೆ ಸತ್ತು ನಾಲ್ಕು ವರ್ಷವಾಗಿತ್ತು, ತಿಥಿಯ ಊಟಕ್ಕೆ ನಾನೇ ಹೋಗಿದ್ದೆ. ಗಂಡನಿಗೆ ವರ್ಗವಾಗಿದೆ ಅಂತ ಬರೆದವಳಿಗೆ ಮದುವೆಯೇ ಆಗಿರಲಿಲ್ಲ. ತಂಗಿಯ ಬಾಣಂತನದವಳಿಗೆ ಇದ್ದದ್ದು ಒಬ್ಬನೇ ತಮ್ಮ. ಹನಕೆರೆಯವಳ ಮಗು ಅದೇ ದಿನ, ಅದೇ ಹೊತ್ತಿನಲ್ಲಿ, ಕಂಪನಿಯದೇ ಕೂಸಿನ ಮನೆಯಲ್ಲಿ ಮಲಗಿತ್ತು. ಪಕ್ಕದಲ್ಲಿ ಕೂತ ಹೆಂಗಸು, 'ಏನಮ್ಮ, ಒಬ್ಬೊಬ್ಳೇ ನಗ್ತಾ ಇದ್ದೀಯ?' ಅಂದಳು. ನಗುತ್ತಿದ್ದೆನೋ ಅಳುತ್ತಿದ್ದೆನೋ, ಆ ಹೊತ್ತಿನಲ್ಲಿ ನನಗೇ ಗೊತ್ತಿರಲಿಲ್ಲ.

ಮತ್ತೆ ಮಂಡ್ಯ. ಅಧಿಕಾರಿಗೆ ಕಟ್ಟು ಕೊಟ್ಟೆ. ಅವರು ನನ್ನ ಹೇಳಿಕೆ ದಾಖಲಿಸಬೇಕು ಅಂದರು. ಒಂದೊಂದು ಪತ್ರ ಎತ್ತಿ, ಇದರಲ್ಲಿರುವ ಕಾರಣ ನಿಜವೋ ಸುಳ್ಳೋ ಅಂತ ಕೇಳುವುದು, ನಾನು ಹೇಳುವುದು, ಹೇಗೆ ಸುಳ್ಳು ಅಂತ ವಿವರಿಸುವುದು. ನಡೆಯಿತು ನೋಡಿ ಒಂದು ಗಂಟೆಯ ಮೇಲೆ. ಜ್ವರದ ಅತ್ತೆಯ ಪತ್ರ ಬಂದಾಗ ಅವರು ತಡೆಯಲಾರದೆ ನಕ್ಕುಬಿಟ್ಟರು. 'ಸತ್ತವರಿಗೂ ಜ್ವರ ಬರಿಸಿದ್ದೀರಲ್ಲಮ್ಮ! ಸಾವಿನ ದಾಖಲೆ ತರಿಸಿ, ಇದೊಂದೇ ಸಾಕು ಕಂಪನಿಯ ಬಾಯಿ ಮುಚ್ಚಿಸಲು' ಅಂದರು. ಹನಕೆರೆಯವಳದು ಬಂದಾಗ ನಾನು ಕೂಸಿನ ಮನೆಯ ಹಾಜರಿ ಪುಸ್ತಕದ ಮಾತು ಹೇಳಿದೆ. ಅದನ್ನು ಅವರು ಕೆಳಗೆ ಗೆರೆ ಎಳೆದು ಬರೆದುಕೊಂಡರು.

ಇಪ್ಪತ್ತಾರು ಸಲ 'ಸುಳ್ಳು' ಅಂದೆ. ಇಪ್ಪತ್ತೇಳನೆಯದು ನನ್ನದು. ಅವರೇ ಗಟ್ಟಿಯಾಗಿ ಓದಿದರು. 'ಹನ್ನೊಂದು ವರ್ಷ ಒಂದೇ ಕಡೆ ಕೂತು ಹೊಲಿದು ಬೆನ್ನು ನೋವು ಹತ್ತಿರುತ್ತದೆ. ಈ ಕೆಲಸ ನನಗೆ ಸಾಕಾಗಿದೆ. ಸ್ವ ಇಚ್ಛೆಯಿಂದ ಬಿಡುತ್ತಿದ್ದೇನೆ.' ಓದಿ ತಲೆ ಎತ್ತಿದರು. 'ಇದು?'

ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ಈಗಲೂ ಕಿವಿಯಲ್ಲಿದೆ. ಸುಳ್ಳು ಅನ್ನಬಹುದಾಗಿತ್ತು. ಒಂದೇ ಮಾತು. ಯಾಕೆ ಅನ್ನಲಿಲ್ಲ ಅಂತ ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಗಂಟೆಯಿಂದ ನಿಜ ಹೇಳಿ ಹೇಳಿ ನಾಲಗೆ ಅದಕ್ಕೇ ಒಗ್ಗಿತ್ತೋ, ಎಲ್ಲವೂ ಸುಳ್ಳು ಅಂದರೆ ಈ ಮನುಷ್ಯ ಒಂದನ್ನೂ ನಂಬಲಾರ ಅಂತ ಹೆದರಿದೆನೋ. ಬೆನ್ನಂತೂ ಆಗಲೂ ನೋಯುತ್ತಿತ್ತು.

'ಅದು ನಿಜ ಸಾರ್' ಅಂದೆ.

ಅವರು ಬರೆಯದೆ ಪೆನ್ನು ಕೆಳಗಿಟ್ಟರು. 'ಯೋಚನೆ ಮಾಡಿ ಹೇಳಿ. ಹೀಗೆ ಬರೆದುಕೊಂಡರೆ ನಿಮ್ಮದು ಕಷ್ಟವಾಗುತ್ತೆ.'

'ಮಿಕ್ಕವರದು ಆಯ್ತದಾ?'

'ಕೈಲಾದಷ್ಟು ಮಾಡ್ತೀನಿ.'

'ಹಾಗಿದ್ರೆ ಬರ್ಕೊಳ್ಳಿ' ಅಂದೆ.

ಒಂದನೇ ತಾರೀಖಿಗೆ ನಾಲ್ಕು ದಿನ ಇದ್ದಾಗ ಗುಂಪಿನಲ್ಲಿ ಒಂದು ಚೀರಾಟ ಶುರುವಾಯಿತು. ಕಂಪನಿ ಕಾರಣ ತಿದ್ದಿತ್ತು. ಒಬ್ಬರದು ಮಂಜೂರಾಯಿತು, ಇನ್ನೊಬ್ಬರದು, ಮತ್ತೊಬ್ಬರದು. ಸಂಜೆಯೊಳಗೆ ಇಪ್ಪತ್ತಾರು. ಕೆಂಪು ಹೂವು, ಕೈ ಮುಗಿದ ಚಿತ್ರ, ಏನೇನೋ ಕಳಿಸಿದರು. ನಾನು ನನ್ನದನ್ನು ತೆರೆದು ನೋಡಿದೆ. 'ತಿರಸ್ಕರಿಸಲಾಗಿದೆ.' ಮುಚ್ಚಿ ಮತ್ತೆ ತೆರೆದೆ. ಅದೇ. ಗುಂಪಿಗೆ ನಾನೂ ಒಂದು ಹೂವು ಕಳಿಸಿ, ಹಿತ್ತಿಲಿಗೆ ಹೋಗಿ ಹೊಟ್ಟೆತುಂಬ ಅತ್ತುಬಿಟ್ಟೆ. ಸಂಕಟವಾಯಿತು, ಯಾಕೆ ಮುಚ್ಚಿಡಲಿ?

ಅತ್ತೆಗೆ ಮಾತ್ರ ಹೇಳಿದೆ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಅಂದರು. ಅಂದವರು ಅರ್ಧ ಗಂಟೆ ಬಿಟ್ಟು ಎಣ್ಣೆ ಕಾಯಿಸಿಕೊಂಡು ಬಂದು, ಬೋರಲು ಮಲಗು ಅಂತ ಹೇಳಿ ಬೆನ್ನು ನೀವಿದರು.

ಹನಕೆರೆಯವಳು ಬಂದದ್ದು ಆಮೇಲೆ ಹದಿನೈದು ದಿನಕ್ಕೆ. ಹೇಳದೆ ಕೇಳದೆ, ಮದ್ದೂರಿನಿಂದ ಬೆಳಗಿನ ಬಸ್ಸಿಗೆ, ಮಗುವನ್ನು ಎತ್ತಿಕೊಂಡು. ನಮ್ಮೂರು ಕೊಕ್ಕರೆ ಬೆಳ್ಳೂರು, ಅದು ಹಕ್ಕಿಗಳು ಗೂಡು ಕಟ್ಟುವ ಕಾಲ, ನಮ್ಮ ಮನೆ ಮುಂದಿನ ಹುಣಸೆಮರದ ಕೆಳಗೆ ಹಿಕ್ಕೆ ಬೀಳುವುದಕ್ಕೆ ಕೊಡೆ ಇಲ್ಲದೆ ನಿಲ್ಲುವಂತಿಲ್ಲ. ಅವಳು ಸೀರೆಯ ಸೆರಗಿನಿಂದ ಮಗುವಿನ ತಲೆ ಮುಚ್ಚಿಕೊಂಡು ಓಡಿ ಒಳಗೆ ಬಂದಳು.

'ಬಾಮ್ಮ ಬಾ. ಊರ ಎಣ್ಮಕ್ಕಳೆಲ್ಲ ಈ ಕಾಲ್ದಲ್ಲೇ ಬರಾದು' ಅಂದರು ಅತ್ತೆ. ಹಕ್ಕಿಗಳನ್ನೂ ಅವರು ಹಾಗೇ ಕರೆಯುವುದು.

ಬಿಡದಿ ಬಸ್ಸು ಹತ್ತಲಿಲ್ಲವಂತೆ. ಮಗುವಿಗೆ ಎರಡು ಹಲ್ಲು ಬಂದಿತ್ತು. ಸಾರಿನಲ್ಲಿ ಕಿವುಚಿದ ಮುದ್ದೆಯನ್ನು ಈಗ ಒಂದೊಂದು ಚೂರು ನುಂಗುತ್ತದೆ ಅಂದಳು. ಫೋನ್ ಎತ್ತದ ಮಾತು ಅವಳೂ ತೆಗೆಯಲಿಲ್ಲ, ನಾನೂ ಕೆದಕಲಿಲ್ಲ. ಜೀವಮಾನದಲ್ಲಿ ನಾನು ಕೆದಕದೆ ಬಿಟ್ಟದ್ದು ಅದೊಂದೇ ಇರಬೇಕು. ಮಗು ನನ್ನ ತೊಡೆಯ ಮೇಲೆ ಕೂತು ಬಳೆ ಎಳೆಯುತ್ತಿತ್ತು.

'ನಿಂದು ಎಷ್ಟ್ ಬಂತಕ್ಕ?' ಅಂದಳು.

'ಬತ್ತದೆ ಬುಡು, ಅದಕ್ಕೇನು' ಅಂದೆ.

ಅಡುಗೆಮನೆಯಿಂದ ಅತ್ತೆ ಸುಮ್ಮನಿರಲಿಲ್ಲ. 'ಎಲ್ಲಿ ಬತ್ತದೆ? ನಿಮ್ಮದೆಲ್ಲ ಸುಳ್ಳು ಅಂತ ಒಪ್ಕೊಂಡ್ಲು, ತನ್ನದು ಮಾತ್ರ ನಿಜ ಅಂತ ಬರ್ಸವ್ಳೆ. ಅವಳ್ದು ಬರಲ್ವಂತೆ' ಅಂದುಬಿಟ್ಟರು.

ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿಕೊಂಡವು, ಆದರೆ ಬಾಯಿಂದ ಬಂದದ್ದು ಬೈಗುಳ. ಅವತ್ತು ಫೋನಿನಲ್ಲಿ ಬೈಯದೆ ಉಳಿಸಿಕೊಂಡಿದ್ದಳಲ್ಲ, ಅದು.

'ಥೂ ನಿನ್ನ! ಇಪ್ಪತ್ತಾರ್ ಜನಕ್ಕೆ ಅಷ್ಟ್ ಚೆಂದಾಗಿ ಸುಳ್ ಬರ್ಕೊಟ್ಟೋಳು, ನಿಂಗೊಂದು ಬರ್ಕೊಳಕೆ ಏನಾಗಿತ್ತಕ್ಕ?'